ಟ್ರೋಪೋನಿನ್ ಅಂಕಿ ಮತ್ತು ದಿನದ ಹೊತ್ತು

2025ರ ಜುಲೈನಲ್ಲಿ ಹಾಸನದ ಹಠಾತ್ ಮರಣಗಳ ವಾರ್ತೆ ಹಬ್ಬಿ, ಬೆಂಗಳೂರು, ಮೈಸೂರುಗಳ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಆರೋಗ್ಯವಂತರೂ ಸಾಲುಗಟ್ಟಿ ನಿಂತಂದಿನಿಂದ, ರಕ್ತಪರೀಕ್ಷೆಯ ಒಂದೇ ಅಂಕಿಯಿಂದ ಹೃದಯದ ಕ್ಷೇಮವನ್ನು ನಿಶ್ಚಯಿಸಿಕೊಳ್ಳುವ ಆತುರ ನಮ್ಮ ಜನರಲ್ಲಿ ಮೂಡಿರುವುದು ಸಹಜವೇ ಸರಿ. ಆದರೆ ಹೃದಯಸ್ನಾಯುವಿನ ಹಾನಿಯನ್ನು ಸೂಚಿಸುವ ಟ್ರೋಪೋನಿನ್-ಟಿ ಎಂಬ ಪ್ರೋಟೀನು ಸ್ವಸ್ಥ ವಯಸ್ಕರಲ್ಲಿಯೂ ದಿನವಿಡೀ ಏಕಪ್ರಕಾರವಾಗಿರದೆ, ಪ್ರಾತಃಕಾಲದಲ್ಲಿ ಏರಿ ಸಾಯಂಕಾಲಕ್ಕೆ ಇಳಿಯುವುದೆಂದು ಸಂಶೋಧನೆಗಳಿಂದ ವಿದಿತವಾಗಿದೆ. ಅದರ ಒಡನಾಡಿಯಾದ ಟ್ರೋಪೋನಿನ್-ಐನಲ್ಲಿ ಇಂಥ ನಿತ್ಯಲಯ ಸ್ಪಷ್ಟವಾಗಿ ಕಂಡುಬಂದಿಲ್ಲ.

ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸಕ್ಕೆ ಹೋಗುವ ಮುನ್ನ ಬರಿಹೊಟ್ಟೆಯಲ್ಲಿ ಬಂದು ರಕ್ತ ಕೊಟ್ಟ ನೇಕಾರನ ಅಂಕಿ, ಲೀಟರಿಗೆ 14 ನ್ಯಾನೋಗ್ರಾಂ ಎಂಬ ರೂಢಿಯ ಮೇರೆಯ ಆಸುಪಾಸಿನಲ್ಲಿದ್ದರೆ, ಬೆಳಗ್ಗೆ ಅದನ್ನು ಮೀರಿದ್ದುದು ಸಂಜೆಗೆ ಅದರೊಳಗೆ ಬಂದೀತು. ಹೊತ್ತನ್ನು ನಮೂದಿಸದ ವರದಿಯೊಂದು ಅವನನ್ನು ನಿಷ್ಕಾರಣವಾಗಿ ನಗರದ ಆಸ್ಪತ್ರೆಗೆ ಅಟ್ಟಿ, ಕೂಲಿಯನ್ನೂ ನಿದ್ರೆಯನ್ನೂ ಕಸಿಯಬಲ್ಲುದು. ಆದಕಾರಣ ಹೊಸಕೋಟೆ, ನೆಲಮಂಗಲ, ದೇವನಹಳ್ಳಿಗಳೂ ಸೇರಿ ಜಿಲ್ಲೆಯ ಪ್ರತಿಯೊಂದು ಪ್ರಯೋಗಾಲಯವೂ ರಕ್ತ ತೆಗೆದ ವೇಳೆಯನ್ನೂ, ಅಳೆದುದು ಟಿಯೋ ಐಯೋ ಎಂಬುದನ್ನೂ ವರದಿಯಲ್ಲಿ ಕಡ್ಡಾಯವಾಗಿ ಮುದ್ರಿಸತಕ್ಕದ್ದು. ಲಕ್ಷಣವಿಲ್ಲದವರ ತಪಾಸಣೆಯ ಪ್ಯಾಕೇಜಿನಲ್ಲಿ ಟ್ರೋಪೋನಿನ್ ಪರೀಕ್ಷೆಯನ್ನು ಸೇರಿಸಿ ಮಾರುವ ಪದ್ಧತಿ ನಿಲ್ಲಬೇಕೆಂಬುದು ನಮ್ಮ ನಿಶ್ಚಿತಾಭಿಪ್ರಾಯ. ಎದೆನೋವಿನವರ ವಿಷಯ ಬೇರೆ. ಅವರು ಯಾವ ಹೊತ್ತಿನಲ್ಲಾದರೂ ತತ್‌ಕ್ಷಣ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿಕೊಳ್ಳಬೇಕು; ಹೃದಯಾಘಾತದ ಏರಿಕೆ ಈ ನಿತ್ಯದ ಏರಿಳಿತಕ್ಕಿಂತ ಬಹುಪಟ್ಟು ಹೆಚ್ಚಿನದಾದುದರಿಂದ, ಕೆಲವು ಗಂಟೆಗಳ ಅಂತರದಲ್ಲಿ ಎರಡನೆಯ ಮಾದರಿಯನ್ನು ಪರೀಕ್ಷಿಸದೆ, ಬೆಳಗಿನ ಸಹಜ ಏರಿಕೆಯೆಂದು ಹೇಳಿ ಯಾರೊಬ್ಬರನ್ನೂ ಮನೆಗೆ ಕಳುಹಿಸಕೂಡದು.