ಉಪ್ಪಾಗೆ ಹುಳಿ ಮತ್ತು ಸಣ್ಣಗಾಗೋ ಮಾತ್ರೆ

ಬೊಜ್ಜು ಕರಗಿಸೋ ಮಾತ್ರೆ ಡಬ್ಬದ ಮೇಲೆ 'ಗಾರ್ಸಿನಿಯಾ ಕಾಂಬೋಜಿಯಾ' ಅಂತ ಓದಿ ಯಾವುದೋ ವಿದೇಶಿ ಹಣ್ಣು ಅಂದುಕೊಳ್ಳಬೇಡಿ. ಅದು ನಮ್ಮ ಉಪ್ಪಾಗೆ! ಕುಂದಾಪುರ, ಬೈಂದೂರು ಕಡೆ ಘಟ್ಟದ ಬುಡದ ಕಾಡಲ್ಲಿ ತಾನಾಗಿ ಬೆಳೆಯೋ ಮರ. ಪುನರ್ಪುಳಿಯ ಹತ್ತಿರದ ನೆಂಟ. ಕೇರಳದವರು ಮೀನುಸಾರಿಗೆ ಹಾಕೋ ಕುಡಂಪುಳಿಯೂ ಇದೇ.

ಇದರ ಹುಳಿಯಲ್ಲಿರೋದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ನಿಂಬೆಹಣ್ಣಿನ ಸಿಟ್ರಿಕ್ ಆಮ್ಲಕ್ಕಿಂತ ಒಂದೇ ಒಂದು ಆಕ್ಸಿಜನ್ ಪರಮಾಣು ಹೆಚ್ಚು, ಅಷ್ಟೇ. ಇದನ್ನು 1965ರಲ್ಲಿ ಗುರುತಿಸಿದ್ದು ನಮ್ಮ ಮೈಸೂರಿನ ಸಿ.ಎಫ್.ಟಿ.ಆರ್.ಐ.ನ ಲೂಯಿಸ್ ಮತ್ತು ನೀಲಕಂಠನ್. ಸಕ್ಕರೆಯನ್ನು ಕೊಬ್ಬಾಗಿಸೋ ದಾರಿಯಲ್ಲಿರೋ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತೆ ಅಂತ 1969ರಲ್ಲಿ ಅಮೆರಿಕದಲ್ಲಿ ಗೊತ್ತಾಯ್ತು. ಇಲಿಗಳ ಮೇಲಿನ ಪ್ರಯೋಗಗಳೂ ಆಸೆ ಹುಟ್ಟಿಸಿದವು. ಮಾತ್ರೆ ವ್ಯಾಪಾರ ಶುರುವಾಗಿದ್ದು ಇದನ್ನೇ ನಂಬಿಕೊಂಡು.

ಆದ್ರೆ ಮನುಷ್ಯ ದೊಡ್ಡ ಇಲಿ ಅಲ್ಲವಲ್ಲ! 1998ರಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿದಾಗ, ಈ ಆಮ್ಲ ತಿಂದವರು ಬರೀ ಉತ್ತುತ್ತು ಮಾತ್ರೆ ತಿಂದವರಿಗಿಂತ ಹೆಚ್ಚು ಸಣ್ಣಗಾಗಲಿಲ್ಲ. ಇಂಥ ಮಾತ್ರೆ ನುಂಗಿದ ಕೆಲವರಿಗೆ ಲಿವರ್ ಕೆಟ್ಟ ವರದಿಗಳೂ ಇವೆ. ಸಾರಿಗೆ ಎರಡು ಚೂರು ಹಾಕೋದು ಬೇರೆ, ಸಾರ ತೆಗೆದು ದಿನಾ ಗ್ರಾಂ ಲೆಕ್ಕದಲ್ಲಿ ನುಂಗೋದು ಬೇರೆ.

ನನ್ನ ತಕರಾರು ಇರೋದು ಕಾಡಿನ ಬಗ್ಗೆ. ಕಾರ್ಖಾನೆಯ ಸಿಟ್ರಿಕ್ ಆಮ್ಲಕ್ಕೆ ನಿಂಬೆ ಬೇಡ, ಸಕ್ಕರೆ ಮತ್ತು ಒಂದು ಜಾತಿಯ ಬೂಷ್ಟು ಸಾಕು. ಮಾತ್ರೆ ಕಂಪನಿಗಳ ಈ ಆಮ್ಲಕ್ಕೆ ಮಾತ್ರ ಹಣ್ಣಿನ ಸಿಪ್ಪೆಯೇ ಬೇಕು. ರೇಟು ಏರಿದರೆ ಹಣ್ಣಾಗೋ ಮುಂಚೆ ಕೊಂಬೆ ಸಮೇತ ಕಡಿಯೋ ಆತುರ. ಹಣ್ಣಾಗೋದು ಮಳೆಗಾಲದಲ್ಲಿ, ಬಿಸಿಲಿಲ್ಲ, ಒಣಗಿಸೋಕೆ ಮತ್ತೆ ಕಾಡಿನದೇ ಸೌದೆ. ಬೀಜ ಮೊಳೆಯೋಕೇ ತಿಂಗಳುಗಟ್ಟಲೆ ಬೇಕಾದ ಮರ ಇದು. ಯಾರೋ ಸಣ್ಣಗಾಗೋ ಭ್ರಮೆಗೆ ನಮ್ಮ ಮರ ಬೋಳಾಗಬೇಕಾ?

ಹಾಗಂತ ಕೊಯ್ಯಲೇಬಾರದು ಅಂತ ನಾನು ಹೇಳ್ತಿಲ್ಲ. ಘಟ್ಟದ ಬುಡದ ಮನೆಗಳಿಗೆ ಮಳೆಗಾಲದಲ್ಲಿ ನಾಲ್ಕು ಕಾಸು ಬೇಕು. ಅಡುಗೆ ಹುಳಿಯಾಗಿ ಇದಕ್ಕೆ ಗಟ್ಟಿ ಮಾರುಕಟ್ಟೆ ಇದೆ, ಬೀಜದಿಂದ ತುಪ್ಪವೂ ಬರುತ್ತೆ. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಂಥವು ಬೇಗ ಫಲ ಕೊಡೋ ಕಸಿ ಗಿಡ ಹಂಚಲಿ, ಊರಿಗೊಂದು ಸೌದೆ ಉಳಿಸೋ ಒಲೆ ಬರಲಿ. ತೋಟದ ಬದಿಗೆ ನಾಲ್ಕು ಗಿಡ ನೆಟ್ಟರೆ ಕಾಡಿನ ಮರ ಉಳಿಯುತ್ತೆ.

ನಿಮ್ಮೂರಲ್ಲಿ ಉಪ್ಪಾಗೆಗೆ ಏನಂತಾರೆ, ಯಾವ ಅಡುಗೆಗೆ ಹಾಕ್ತಾರೆ? ಕಮೆಂಟಲ್ಲಿ ಬರೀರಿ.