ಸೂಜಿವೈದ್ಯರ ಶಿಕ್ಷಣವೂ ಪರವಾನಗಿಯೂ

1971ನೆಯ ಇಸವಿಯ ಜುಲೈ ತಿಂಗಳಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಪ್ರಸಿದ್ಧ ಲೇಖಕ ಜೇಮ್ಸ್ ರೆಸ್ಟನ್ನರು ಚೀನಾದ ರಾಜಧಾನಿಯಲ್ಲಿದ್ದಾಗ ಅಪೆಂಡಿಸೈಟಿಸ್ ಬೇನೆಗೆ ತುತ್ತಾದರು. ಅಲ್ಲಿನ ವೈದ್ಯರು ಶಸ್ತ್ರಕ್ರಿಯೆ ಮಾಡಿ ಅವರನ್ನು ಉಳಿಸಿದರು. ಅನಂತರ ಅವರು ಹೊಟ್ಟೆಯುಬ್ಬರದಿಂದ ನರಳುತ್ತಿರಲು, ಸೂಜಿವೈದ್ಯರೊಬ್ಬರು ಅವರ ಮೊಳಕೈಗೂ ಮೊಣಕಾಲುಗಳ ಕೆಳಗೂ ತೆಳುವಾದ ಉದ್ದ ಸೂಜಿಗಳನ್ನು ಚುಚ್ಚಿ, ನಮ್ಮ ಮಾಚಿಪತ್ರೆಯ ಕುಲಕ್ಕೆ ಸೇರಿದ ಮೂಲಿಕೆಯೊಂದನ್ನು ಹೊಗೆಯಾಡಿಸುತ್ತ ಹೊಟ್ಟೆಯ ಬಳಿ ಹಿಡಿದರು. ಸುಮಾರು ಇಪ್ಪತ್ತು ನಿಮಿಷಗಳ ಈ ಉಪಚಾರದಿಂದ ತಮಗೆ ಬಾಧೆ ಕಡಿಮೆಯಾಯಿತೆಂದು ರೆಸ್ಟನ್ನರು ಬರೆದರು.

ಜುಲೈ 26ರಂದು ಪ್ರಕಟವಾದ ಆ ಲೇಖನ ಅಮೆರಿಕದಲ್ಲಿ ಅಪಾರ ಕುತೂಹಲವನ್ನು ಕೆರಳಿಸಿತು. ಶಸ್ತ್ರಕ್ರಿಯೆಯ ಕಾಲಕ್ಕೆ ರೆಸ್ಟನ್ನರ ನೋವನ್ನು ಅಡಗಿಸಿದ್ದು ಎಂದಿನ ಅರಿವಳಿಕೆಯ ಇಂಜೆಕ್ಷನ್ನೇ ಹೊರತು ಸೂಜಿಗಳಲ್ಲ. ಆದರೆ ಬಾಯಿಂದ ಬಾಯಿಗೆ ಹಬ್ಬಿದ ಕಥೆಯಲ್ಲಿ, ಸೂಜಿಗಳ ಬಲದಿಂದಲೇ ಹೊಟ್ಟೆಯನ್ನು ಕೊಯ್ದರೆಂದು ಆಯಿತು. ನಡೆದುದಕ್ಕೂ ಜನರು ನಂಬಿದುದಕ್ಕೂ ನಡುವಣ ಈ ಅಂತರವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ನಮ್ಮ ಇಂದಿನ ವಿಚಾರಕ್ಕೆ ಇದು ಮುಂದೆ ಬೇಕಾಗುತ್ತದೆ.

ಸೂಜಿಚಿಕಿತ್ಸೆ ಅಮೆರಿಕಕ್ಕೆ ಹೊಸದೇನೂ ಆಗಿರಲಿಲ್ಲ. ಚೀನೀ ವಲಸೆಗಾರರು ತಮ್ಮ ಕೇರಿಗಳಲ್ಲಿ ಬಹುಕಾಲದಿಂದ ಅದನ್ನು ನಡೆಸುತ್ತಲೇ ಇದ್ದರು. ಕಾನೂನಿನ ದೃಷ್ಟಿಯಲ್ಲಿ ಮಾತ್ರ ಅದು ಪರವಾನಗಿಯಿಲ್ಲದ ವೈದ್ಯವೃತ್ತಿ, ಎಂದರೆ ಅಪರಾಧ. 1973ರಲ್ಲಿ ನೆವಾಡಾ ರಾಜ್ಯವು ಮೊಟ್ಟಮೊದಲು ಇದಕ್ಕೆ ಶಾಸನದ ಮನ್ನಣೆಯನ್ನಿತ್ತಿತು. 1975ರಲ್ಲಿ ಕ್ಯಾಲಿಫೋರ್ನಿಯಾ ಅದನ್ನು ಅನುಸರಿಸಿತಾದರೂ, ವೈದ್ಯರು ಮೊದಲು ರೋಗನಿದಾನ ಮಾಡಿ ಕಳುಹಿಸಿದವರಿಗೆ ಮಾತ್ರ ಸೂಜಿ ಚುಚ್ಚಬಹುದೆಂದು ಕಟ್ಟುಮಾಡಿತು. 1978ರಲ್ಲಿ ಈ ಕಟ್ಟೂ ಸಡಿಲವಾಯಿತು. ಇಂದು ಆ ದೇಶದ ಬಹುಪಾಲು ರಾಜ್ಯಗಳಲ್ಲಿ ಸೂಜಿವೈದ್ಯವು ಪರವಾನಗಿಯುಳ್ಳ ಸ್ವತಂತ್ರ ವೃತ್ತಿಯಾಗಿದೆ.

ಈ ಪರವಾನಗಿಯನ್ನು ಪಡೆಯಬಯಸುವ ವಿದ್ಯಾರ್ಥಿಯು ಏನೇನು ಕಲಿಯಬೇಕು? ಮೊದಲು ಕೆಲವು ವರ್ಷಗಳ ಕಾಲೇಜು ವ್ಯಾಸಂಗ. ಅದರ ಮೇಲೆ ಮಾನ್ಯತೆ ಪಡೆದ ವಿದ್ಯಾಲಯದಲ್ಲಿ ಸ್ನಾತಕೋತ್ತರ ಶಿಕ್ಷಣ. ಸೂಜಿಚಿಕಿತ್ಸೆ ಮಾತ್ರವಾದರೆ ಸುಮಾರು ಮೂರು ವರ್ಷ, ಚೀನೀ ಮೂಲಿಕೆಗಳ ಔಷಧಶಾಸ್ತ್ರವೂ ಸೇರಿದರೆ ನಾಲ್ಕು ವರ್ಷ. ಕೊನೆಯಲ್ಲಿ ಪರೀಕ್ಷೆ, 1982ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಪ್ರಮಾಣೀಕರಣ ಮಂಡಲಿಯ ಪರೀಕ್ಷೆಗಳನ್ನು ಹೆಚ್ಚಿನ ರಾಜ್ಯಗಳು ಒಪ್ಪುತ್ತವೆ. ಕ್ಯಾಲಿಫೋರ್ನಿಯಾದ ನಿಯಮ ಇನ್ನೂ ಕಟ್ಟುನಿಟ್ಟು: 2005ರಿಂದೀಚೆಗೆ ಅಲ್ಲಿ ಒಟ್ಟು 3,000 ಗಂಟೆಗಳ ಶಿಕ್ಷಣ ಕಡ್ಡಾಯ. ಇದರಲ್ಲಿ 950 ಗಂಟೆಗಳು ರೋಗಿಗಳ ನಡುವೆ, ಗುರುಗಳ ಕಣ್ಣೆದುರಿನಲ್ಲಿ ಕಳೆಯಬೇಕಾದವು.

ಸೂಜಿ ಚುಚ್ಚುವುದಕ್ಕೆ ಇಷ್ಟು ದೀರ್ಘವಾದ ಶಿಕ್ಷಣವೇಕೆಂದು ಕೇಳುವವರುಂಟು. ಮೂರು ನಿದರ್ಶನಗಳು ಸಾಕು. 1984ರಲ್ಲಿ ರೋಡ್ ಐಲೆಂಡ್ ರಾಜ್ಯದ ಚಿಕಿತ್ಸಾಲಯವೊಂದರಲ್ಲಿ ಸೂಜಿ ಚುಚ್ಚಿಸಿಕೊಂಡವರ ಪೈಕಿ 35 ಮಂದಿಗೆ ಯಕೃತ್ತನ್ನು ಕೆಡಿಸುವ ಬಿ ವರ್ಗದ ಹೆಪಟೈಟಿಸ್ ರೋಗ ಅಂಟಿತು. ರೋಗಾಣು ಕಣ್ಣಿಗೆ ಕಾಣುವುದಿಲ್ಲ. ಶುದ್ಧೀಕರಿಸದ ಸೂಜಿಗೂ ಶುದ್ಧ ಸೂಜಿಗೂ ನೋಟದಲ್ಲಿ ಭೇದವಿಲ್ಲ. ಎರಡನೆಯದಾಗಿ, ಬೆನ್ನಿನ ಮೇಲ್ಭಾಗದಲ್ಲಿಯೂ ಹೆಗಲಿನಲ್ಲಿಯೂ ಚರ್ಮಕ್ಕೂ ಶ್ವಾಸಕೋಶಕ್ಕೂ ನಡುವೆ ಇರುವ ದೂರ ಬಹಳ ಕಡಿಮೆ. ಅಲ್ಲಿ ಸೂಜಿ ತುಸು ಆಳಕ್ಕಿಳಿದರೂ ಎದೆಯ ಪೊರೆಯೊಳಗೆ ಗಾಳಿ ನುಗ್ಗಿ ಶ್ವಾಸಕೋಶ ಕುಗ್ಗಿಹೋಗಬಹುದು. ಇಂಥ ಅಪಘಾತಗಳು ವೈದ್ಯಸಾಹಿತ್ಯದಲ್ಲಿ ಅನೇಕ ಬಾರಿ ವರದಿಯಾಗಿವೆ.

ಮೂರನೆಯದು ಮೂಲಿಕೆಗಳ ಸಂಗತಿ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂ ದೇಶದಲ್ಲಿ, ಮೈ ಕರಗಿಸುವ ಮಾತ್ರೆಗಳನ್ನು ಸೇವಿಸಿದ ಸುಮಾರು ನೂರು ಮಂದಿಯ ಮೂತ್ರಪಿಂಡಗಳು ಹಾಳಾದವು. ಬಹುಮಟ್ಟಿಗೆ ಎಲ್ಲರೂ ಹೆಂಗಸರು. ವಿಚಾರಣೆಯಲ್ಲಿ ತಿಳಿದದ್ದೇನೆಂದರೆ, ‘ಹಾನ್ ಫಾಂಗ್ ಜಿ’ ಎಂಬ ಮೂಲಿಕೆಯ ಬದಲಿಗೆ ‘ಗುವಾಂಗ್ ಫಾಂಗ್ ಜಿ’ ಎಂಬ ಬೇರೊಂದು ಬೇರು ಮಾತ್ರೆಯೊಳಗೆ ಸೇರಿತ್ತು. ಹೆಸರು ಹೆಚ್ಚುಕಡಿಮೆ ಒಂದೇ, ಗಿಡ ಬೇರೆ. ಎರಡನೆಯದು ಅರಿಸ್ಟೊಲೋಕಿಯ ಕುಲದ್ದು. ನಮ್ಮ ನಾಡಿನ ಈಶ್ವರಿಬಳ್ಳಿಯೂ ಇದೇ ಕುಲಕ್ಕೆ ಸೇರಿದ್ದು. ಅದರಲ್ಲಿರುವ ಆಮ್ಲವು ಮೂತ್ರಪಿಂಡಗಳಿಗೆ ವಿಷ, ಕ್ಯಾನ್ಸರಿಗೂ ಕಾರಣ. ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವೆನ್ನುವವರು ಈ ಪ್ರಕರಣವನ್ನು ಮನನಮಾಡಬೇಕು.

ಆದಕಾರಣ ಪರವಾನಗಿ ಬೇಕೆಂಬುದರಲ್ಲಿ ನಮಗೆ ಸಂಶಯವಿಲ್ಲ. ಅಂಗರಚನೆಯನ್ನು ಅರಿತ, ಶುಚಿತ್ವವನ್ನು ಪಾಲಿಸುವ, ತನ್ನ ಕೈಮೀರಿದ ರೋಗವನ್ನು ಗುರುತಿಸಿ ಬೇರೆ ವೈದ್ಯರ ಬಳಿಗೆ ಕಳುಹಿಸಬಲ್ಲ ಮನುಷ್ಯನ ಕೈಯಲ್ಲಿ ಮಾತ್ರ ಸೂಜಿ ಇರಬೇಕು. ಒಮ್ಮೆ ಬಳಸಿ ಎಸೆಯುವ ಶುದ್ಧ ಸೂಜಿಗಳು ಇಂದು ರೂಢಿಗೆ ಬಂದಿರುವುದು, 1996ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಸೂಜಿಗಳಿಗೆ ನಿಯಮಗಳನ್ನು ವಿಧಿಸಿದ್ದು, ಇವೆಲ್ಲ ಸಾರ್ವಜನಿಕರಿಗೆ ದೊರೆತ ರಕ್ಷಣೆಯೇ ಸರಿ.

ಆದರೆ ಗೋಡೆಯ ಮೇಲೆ ತೂಗುಹಾಕಿದ ಪರವಾನಗಿಯನ್ನು ರೋಗಿ ಹೇಗೆ ಓದಿಕೊಳ್ಳುತ್ತಾನೆ? ‘ಸರಕಾರವೇ ಒಪ್ಪಿದೆ, ಆದ್ದರಿಂದ ಈ ಚಿಕಿತ್ಸೆ ಫಲಕಾರಿ, ಇದರ ಶಾಸ್ತ್ರವೂ ಸತ್ಯ’ ಎಂದು ಭಾವಿಸುತ್ತಾನೆ. ಇಲ್ಲಿಯೇ ನಾವು ರೆಸ್ಟನ್ನರ ಕಥೆಯನ್ನು ನೆನೆಯಬೇಕಾಗಿದೆ. ಕಾನೂನು ಹೇಳಿದ್ದು ಒಂದು, ಜನರು ಕೇಳಿಸಿಕೊಂಡದ್ದು ಮತ್ತೊಂದು.

ಚೀನೀ ವೈದ್ಯದ ಪ್ರಕಾರ ದೇಹದಲ್ಲಿ ‘ಚಿ’ ಎಂಬ ಪ್ರಾಣಶಕ್ತಿಯು ನಿಯತವಾದ ನಾಳಗಳಲ್ಲಿ ಹರಿಯುತ್ತದೆ. ಆ ನಾಳಗಳ ಮೇಲಿನ ಮುನ್ನೂರಕ್ಕೂ ಮಿಕ್ಕ ಬಿಂದುಗಳಲ್ಲಿ ತಕ್ಕುದನ್ನು ಆರಿಸಿ ಚುಚ್ಚಬೇಕು. ಈ ನಾಳಗಳನ್ನು ಅಂಗಚ್ಛೇದನದಲ್ಲಿ ಯಾರೂ ಕಂಡಿಲ್ಲ. ಬಿಂದುಗಳ ಮಹತ್ವವನ್ನು ಪರೀಕ್ಷಿಸಲು ಜರ್ಮನಿಯ ವಿಜ್ಞಾನಿಗಳು ಬೆನ್ನುನೋವಿನಿಂದ ನರಳುತ್ತಿದ್ದ 1,162 ಮಂದಿಯನ್ನು ಮೂರು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ. ಇನ್ನೊಂದಕ್ಕೆ ಬಿಂದುಗಳಲ್ಲದ ಕಡೆ, ಚರ್ಮದ ಮೇಲುಮೇಲೆ ಮಾತ್ರ ಸೂಜಿ. ಮೂರನೆಯದಕ್ಕೆ ಔಷಧ, ವ್ಯಾಯಾಮ ಮೊದಲಾದ ವಾಡಿಕೆಯ ಚಿಕಿತ್ಸೆ. 2007ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಆರು ತಿಂಗಳ ಮೇಲೆ ಗುಣ ಕಂಡವರು ಮೊದಲ ಗುಂಪಿನಲ್ಲಿ ಶೇಕಡಾ 47.6, ಎರಡನೆಯದರಲ್ಲಿ 44.2, ಮೂರನೆಯದರಲ್ಲಿ 27.4.

ಇದರ ಅರ್ಥವನ್ನು ಎಚ್ಚರದಿಂದ ಗ್ರಹಿಸಬೇಕು. ಸೂಜಿ ಚುಚ್ಚಿಸಿಕೊಂಡವರಿಗೆ ವಾಡಿಕೆಯ ಚಿಕಿತ್ಸೆಗಿಂತ ಹೆಚ್ಚು ಉಪಶಮನ ದೊರೆತದ್ದು ನಿಜ. ಆದರೆ ಎಲ್ಲಿ ಚುಚ್ಚಿದರೆಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಲಿಲ್ಲ. ನ್ಯಾಯಕ್ಕಾಗಿ ಮತ್ತೊಂದು ಮಾತನ್ನೂ ಹೇಳಬೇಕು. 29 ಪ್ರಯೋಗಗಳ 17,922 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟಿಸಿದ ಪರಿಶೀಲನೆಯು, ದೀರ್ಘಕಾಲದ ನೋವುಗಳಲ್ಲಿ ನಿಜವಾದ ಸೂಜಿಚಿಕಿತ್ಸೆಗೂ ಸೋಗಿನದಕ್ಕೂ ನಡುವೆ ಅಲ್ಪವಾದರೂ ಅಂತರವುಂಟೆಂದು ಕಂಡಿತು. ವಿವಾದ ಮುಗಿದಿಲ್ಲ. ಮುಗಿಯದ ವಿವಾದವನ್ನು ವಿದ್ಯಾರ್ಥಿಗೆ ಕಲಿಸುವ ರೀತಿ ಯಾವುದೆಂಬುದೇ ನಮ್ಮ ಪ್ರಶ್ನೆ.

ಕ್ಯಾಲಿಫೋರ್ನಿಯಾದ ಪಾಠಪಟ್ಟಿಯನ್ನೇ ನೋಡೋಣ. 3,000 ಗಂಟೆಗಳಲ್ಲಿ ಮೂಲವಿಜ್ಞಾನಗಳಿಗೆ 350 ಗಂಟೆ, ಪೌರ್ವಾತ್ಯ ವೈದ್ಯದ ತತ್ತ್ವ ಮತ್ತು ಚಿಕಿತ್ಸೆಗೆ 1,255 ಗಂಟೆ, ಚಿಕಿತ್ಸಾಲಯವನ್ನು ವ್ಯವಹಾರವಾಗಿ ನಡೆಸುವ ಕ್ರಮಕ್ಕೆ 45 ಗಂಟೆ. ಸಂಶೋಧನೆಯ ವಿಧಾನ, ಆಧಾರಗಳನ್ನು ತೂಗಿ ನೋಡುವ ಬಗೆ, ವೈದ್ಯದ ಇತಿಹಾಸ ಇವೆಲ್ಲ ಕೂಡಿದ ವಿಭಾಗಕ್ಕೆ 30 ಗಂಟೆ! ಲೆಕ್ಕದ ಪುಸ್ತಕ ಇಡುವುದಕ್ಕೆ ದೊರೆತಷ್ಟು ಸಮಯವೂ ‘ಇದು ನಿಜವೆಂದು ತಿಳಿಯುವುದು ಹೇಗೆ?’ ಎಂಬ ಪ್ರಶ್ನೆಗೆ ದೊರೆತಿಲ್ಲ. ಇದು ಸಲ್ಲದು. ಈ ಮೂವತ್ತು ಗಂಟೆಗಳು ಕಡೆಯಪಕ್ಷ ಹತ್ತುಪಟ್ಟಾಗಬೇಕು. ಜರ್ಮನಿಯ ಪ್ರಯೋಗದಂಥವನ್ನು ವಿದ್ಯಾರ್ಥಿಗಳು ಮೂಲದಲ್ಲಿಯೇ ಓದಿ ಚರ್ಚಿಸಬೇಕು. ಪರವಾನಗಿಯ ಪರೀಕ್ಷೆಯಲ್ಲಿ ಅದರ ಮೇಲೆ ಪ್ರಶ್ನೆಗಳಿರಬೇಕು.

‘ಎರಡು ಸಾವಿರ ವರ್ಷಗಳ ಅನುಭವಕ್ಕೆ ಪ್ರಯೋಗದ ಸಾಕ್ಷ್ಯವೇಕೆ?’ ಎಂದು ಕೆಲವರು ಆಕ್ಷೇಪಿಸುತ್ತಾರೆ. ಯೂರೋಪಿನಲ್ಲಿ ರೋಗಿಗಳ ರಕ್ತ ಹರಿಸುವ ಪದ್ಧತಿಯೂ ಅಷ್ಟೇ ಕಾಲ ಬಾಳಿತ್ತು ಎಂಬುದೇ ಅದಕ್ಕೆ ಉತ್ತರ. ಪರಂಪರೆಯನ್ನು ಗೌರವಿಸುವ ಮೇಲಾದ ದಾರಿಯನ್ನು ಚೀನಾದ ವಿಜ್ಞಾನಿ ತು ಯೂಯೂ ತೋರಿಸಿದ್ದಾರೆ. ಪ್ರಾಚೀನ ವೈದ್ಯಗ್ರಂಥವೊಂದರಲ್ಲಿ ಮಾಚಿಪತ್ರೆಯ ಕುಲದ ಗಿಡವೊಂದನ್ನು ನೀರಿನಲ್ಲಿ ನೆನೆಸಿ ಹಿಂಡಿದ ರಸವು ಜ್ವರಕ್ಕೆ ಮದ್ದೆಂದು ಹೇಳಿತ್ತು. ಕಾಯಿಸಬೇಕೆಂಬ ಮಾತು ಅಲ್ಲಿಲ್ಲದ್ದನ್ನು ಗಮನಿಸಿ ಆಕೆ ಕಡಮೆ ಉಷ್ಣತೆಯಲ್ಲಿ ಈಥರಿನಿಂದ ಸಾರವನ್ನು ತೆಗೆದು, ಪರೀಕ್ಷಿಸಿ, ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಎಂಬ ಔಷಧವನ್ನು ಜಗತ್ತಿಗಿತ್ತರು. 2015ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ‘ಸಿದ್ಧಾಂತವೇ ಸಂದಿಗ್ಧವಾಗಿರುವಾಗ ಪರವಾನಗಿಯನ್ನೇ ರದ್ದುಮಾಡಿ’ ಎನ್ನುವವರ ಮಾತನ್ನೂ ನಾವು ಒಪ್ಪುವುದಿಲ್ಲ. ಪರವಾನಗಿ ಹೋದರೆ ಸೂಜಿ ಹೋಗುವುದಿಲ್ಲ, ಶುಚಿತ್ವ ಹೋಗುತ್ತದೆ.

ಈ ವಿಚಾರ ನಮಗೂ ದೂರದ್ದಲ್ಲ. 1938ರಲ್ಲಿ ಡಾ. ಕೋಟ್ನೀಸರೊಡನೆ ಚೀನಾಕ್ಕೆ ಹೋದ ಭಾರತೀಯ ವೈದ್ಯತಂಡದಲ್ಲಿದ್ದ ಡಾ. ಬಿಜಯಕುಮಾರ ಬಸು ಅವರು, ಇಪ್ಪತ್ತು ವರ್ಷಗಳ ಮೇಲೆ ಅಲ್ಲಿಯೇ ಈ ಚಿಕಿತ್ಸೆಯನ್ನು ಕಲಿತು ಕಲ್ಕತ್ತೆಗೆ ತಂದರು. ಪಶ್ಚಿಮ ಬಂಗಾಳವು 1996ರಲ್ಲಿ ಇದಕ್ಕೆ ಶಾಸನವನ್ನು ರಚಿಸಿತು. ಮಹಾರಾಷ್ಟ್ರವೂ ಅನಂತರ ಅದೇ ದಾರಿ ಹಿಡಿಯಿತು. 2019ರಲ್ಲಿ ಕೇಂದ್ರ ಸರಕಾರವು ಸೂಜಿಚಿಕಿತ್ಸೆಯನ್ನು ಸ್ವತಂತ್ರ ಚಿಕಿತ್ಸಾಪದ್ಧತಿಯೆಂದು ಮನ್ನಿಸಿತು. ನಮ್ಮ ಕರ್ನಾಟಕದಲ್ಲಿ ಪ್ರಕೃತಿಚಿಕಿತ್ಸೆ ಮತ್ತು ಯೋಗವಿಜ್ಞಾನದ ಐದೂವರೆ ವರ್ಷಗಳ ಪದವಿಗೆ ಓದುವವರು ಇದನ್ನು ಒಂದು ಪಾಠವಾಗಿ ಕಲಿಯುತ್ತಾರೆ. ಮನ್ನಣೆಯ ಬೆನ್ನಲ್ಲೇ ಪಾಠಪಟ್ಟಿ, ಪರೀಕ್ಷೆ, ನೋಂದಣಿ ಬಂದೇ ಬರುತ್ತವೆ. ಅವುಗಳನ್ನು ರಚಿಸುವವರು ಅಮೆರಿಕದ ಅನುಭವದಿಂದ ಅದರ ಕಟ್ಟುನಿಟ್ಟನ್ನೂ ಕಲಿಯಲಿ, ಅದರ ಕೊರತೆಯನ್ನೂ ಕಲಿಯಲಿ.

ಈ ವೃತ್ತಿಯನ್ನು ಕೈಗೊಳ್ಳಲೆಳಸುವ ತರುಣತರುಣಿಯರಿಗೆ ನಮ್ಮ ಸೂಚನೆ ಇಷ್ಟೇ: ವಿದ್ಯಾಲಯವನ್ನು ಸೇರುವ ಮುನ್ನ, ಸೂಜಿ ಚುಚ್ಚುವುದನ್ನು ಎಷ್ಟು ಗಂಟೆ ಕಲಿಸುವಿರೆಂದು ಕೇಳಿರಿ, ಚುಚ್ಚಿದ್ದರಿಂದಲೇ ಗುಣವಾಯಿತೆಂದು ತಿಳಿಯುವ ಬಗೆಯನ್ನು ಎಷ್ಟು ಗಂಟೆ ಕಲಿಸುವಿರೆಂದೂ ಕೇಳಿರಿ. ಎರಡನೆಯ ಪ್ರಶ್ನೆಗೆ ಉತ್ತರ ಕೊಡಲು ತಡವರಿಸುವ ವಿದ್ಯಾಲಯಕ್ಕೆ ನಿಮ್ಮ ನಾಲ್ಕು ವರ್ಷಗಳನ್ನು ಒಪ್ಪಿಸಬೇಡಿ.