ಇನ್ನೂರ ಐವತ್ತಾರು

ಕೊಟ್ಟೂರಿನ ಕಿರಾಣಿ ಅಂಗಡಿಯಲ್ಲಿ ಲೆಕ್ಕ ಹೇಳುವವರು ‘ಎರಡು, ಐದು, ಆರು’ ಅನ್ನುವುದಿಲ್ಲ. ‘ಇನ್ನೂರ ಐವತ್ತಾರು’ ಅನ್ನುತ್ತಾರೆ. ಚೀಟಿಯಲ್ಲಿ ಬರೆಯುವುದು ಮಾತ್ರ 256. ಬಾಯಿಯ ಲೆಕ್ಕವೇ ಹಳೆಯದು. ಅದಕ್ಕೆ ಸಾಕ್ಷಿ ಕೂಡ್ಲಿಗಿಯ ಮಗ್ಗುಲಿಗೇ, ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲಿದೆ.

1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಆ ಅಶೋಕ ಶಾಸನದಲ್ಲಿ ಇದೇ 256 ಇದೆ. ಬುದ್ಧನ ನಿರ್ವಾಣದಿಂದ ಎಣಿಸಿದ ವರ್ಷವೆಂದು ಹಿಂದೆ ಕೆಲವರು ವಾದಿಸಿದ್ದರು. ರಾಜ ಯಾತ್ರೆಯಲ್ಲಿ ಕಳೆದ ರಾತ್ರಿಗಳ ಲೆಕ್ಕವೆಂಬ ಮಾತಿಗೆ ಈಗ ಒಪ್ಪಿಗೆ ಹೆಚ್ಚು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದನ್ನು ಬರೆದ ಬಗೆ: ಇನ್ನೂರರದೊಂದು ಗುರುತು, ಐವತ್ತರದೊಂದು, ಆರರದೊಂದು. ಸ್ಥಾನಬೆಲೆಯಿಲ್ಲ, ಹಾಗಾಗಿ ಸೊನ್ನೆಯ ಹಂಗೂ ಇಲ್ಲ.

ಆ ಬಂಡೆಯ ಲಿಪಿ ಬ್ರಾಹ್ಮಿ. ಅದು ಕಂಪ್ಯೂಟರುಗಳ ಅಕ್ಷರಸಂಕೇತಗಳ ಪಟ್ಟಿಯಾದ ಯೂನಿಕೋಡ್ ಸೇರಿದ್ದು 2010ರಲ್ಲಿ. ಈ ಹಳೆಯ ಎಣಿಕೆಗೆ ಅಲ್ಲಿ ಇಪ್ಪತ್ತು ಸಂಕೇತಗಳಿವೆ: ಒಂದರಿಂದ ಒಂಬತ್ತು, ಹತ್ತರಿಂದ ತೊಂಬತ್ತು, ನೂರು, ಸಾವಿರ. ಸೊನ್ನೆ ಬಂದ ಮೇಲಿನ ಪದ್ಧತಿಗೆ ಬೇರೆಯೇ ಹತ್ತು ಅಂಕಿಗಳು. ಐವತ್ತಕ್ಕೆ ಸ್ವಂತ ಮನೆ ಸಿಕ್ಕಿತು, ಇನ್ನೂರಕ್ಕೆ ಸಿಗಲಿಲ್ಲ. ನೂರರ ಗುರುತಿಗೇ ಗೆರೆಯೊಂದನ್ನು ಹಚ್ಚಿ ಇನ್ನೂರು ಮಾಡುತ್ತಿದ್ದರಲ್ಲ, ಅದಕ್ಕೆಂದೇ 2014ರಲ್ಲಿ ಒಂದು ಕೊಂಡಿ ಸೇರಿತು. ಕಣ್ಣಿಗೆ ಕಾಣದ ಸಂಕೇತವದು, ನಮ್ಮ ಒತ್ತಕ್ಷರ ಮೂಡಿಸುವ ಅರ್ಧಾಕ್ಷರ ಚಿಹ್ನೆಯ ಅಣ್ಣತಮ್ಮ. ನೂರು, ಕೊಂಡಿ, ಎರಡು ಎಂದು ಕೀಲಿಸಿದರೆ ಪರದೆಯ ಮೇಲೆ ಒಂದೇ ಅಕ್ಷರವಾಗಿ ಬೆಸೆದುಕೊಳ್ಳುತ್ತದೆ, ಅದಕ್ಕೆ ತಕ್ಕ ಫಾಂಟ್ ಇದ್ದರೆ.

ಕನ್ನಡದ ನಾಲಿಗೆ ಮಾಡುವುದೂ ಇದನ್ನೇ. ‘ಎರಡು ನೂರು’ ಬೆಸೆದು ಇನ್ನೂರು, ‘ಮೂರು ನೂರು’ ಬೆಸೆದು ಮುನ್ನೂರು. ಕ್ರಮವಷ್ಟೇ ಹಿಂದುಮುಂದು. ಹಡಗಲಿಯ ಶಾಲೆಯಲ್ಲಿ ಬಿಡಿ, ಹತ್ತು, ನೂರರ ಮನೆ ಕಲಿಯುವ ಮಗು ಬಾಯಿಬಿಟ್ಟು ಓದುವಾಗ ಆ ಮನೆಗಳನ್ನೆಲ್ಲ ಮತ್ತೆ ಒಡೆದು, ಬ್ರಹ್ಮಗಿರಿಯ ಬಂಡೆಯಂತೆಯೇ ಇನ್ನೂರು, ಐವತ್ತು, ಆರು ಎನ್ನುತ್ತದೆ. ಬ್ರಾಹ್ಮಿಯನ್ನು ‘ಬೌದ್ಧ ಲಿಪಿ’ ಎಂದು ದೂರವಿಡುವವರಿಗೆ ನಮ್ಮ ಅಕ್ಷರಮಾಲೆಯ ತವರೂ ಅದೇ ಎಂಬುದು ಮರೆತಿರುತ್ತದೆ.

ಬಂಡೆಯ ಬರಹಗಾರನ ಹೆಸರು ಚಪಡ. ಕೊನೆಗೆ ‘ಲಿಪಿಕರೇಣ’ (ಲಿಪಿಕಾರನಿಂದ) ಎಂಬ ಒಂದೇ ಪದವನ್ನು ವಾಯವ್ಯದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದ. 2005ರಲ್ಲಿ ಯೂನಿಕೋಡ್ ಸೇರಿದ ಖರೋಷ್ಠಿಗೆ ಇರುವುದು ಪೂರ್ಣಸಂಖ್ಯೆಗಳ ಎಂಟೇ ಚಿಹ್ನೆ: 1, 2, 3, 4, 10, 20, 100, 1000. ಐವತ್ತಿಲ್ಲ, ಆರಿಲ್ಲ. ಆ ಲಿಪಿಯಲ್ಲಾದರೆ 256 ಬರೆಯಲು ಎರಡು, ನೂರು, ಇಪ್ಪತ್ತು, ಇಪ್ಪತ್ತು, ಹತ್ತು, ನಾಲ್ಕು, ಎರಡು ಎಂದು ಏಳು ಗುರುತು ಕೆತ್ತಿಸಬೇಕಿತ್ತು. ಚಪಡ ಲೆಕ್ಕವನ್ನು ಬ್ರಾಹ್ಮಿಗೆ ಬಿಟ್ಟು, ತನ್ನ ಕಸುಬಿನ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ ಇಟ್ಟುಕೊಂಡ.